ಹಳದಿ, ಮೂರು ಬಣ್ಣ, ಎಚ್‌ಡಿಎಂಐ: ಇಳಕಲ್ ಸೀರೆ ಹೇಳಿದ ತೀರ್ಪು

ಡಿವಿಡಿ ಪ್ಲೇಯರ್‌ನಿಂದ ಟಿವಿಗೆ ಯಾವ ಕೇಬಲ್ ಹಚ್ಚಬೇಕು ಅಂತ ಬಾಗಲಕೋಟೆಯಲ್ಲಿ ಯಾರು ಕೇಳಿದರೂ ನಾನು ಹೇಳುವುದು ಇಷ್ಟೇ: ಮನೆಯಲ್ಲಿರುವ ಮದುವೆ ಡಿಸ್ಕ್ ಹಾಕ್ರಿ, ಇಳಕಲ್ ಸೀರೆ ಉಟ್ಟವರು ಕ್ಯಾಮೆರಾದ ಮುಂದೆ ಬಂದಾಗ ನೋಡ್ರಿ. ಆ ಸಣ್ಣ ಚೌಕಳಿ, ಒತ್ತೊತ್ತಾದ ಗೆರೆಗಳಲ್ಲಿ ಕೇಬಲ್‌ನ ಗುಣ ಬಯಲಾಗುತ್ತದೆ. ನವನಗರದ ಮನೆಯಲ್ಲಿ ಒಂದೇ ಪ್ಲೇಯರ್, ಒಂದೇ ಟಿವಿ, ತಂಗಿಯ ಮದುವೆಯ ಒಂದೇ ಡಿಸ್ಕ್ ಇಟ್ಟುಕೊಂಡು ಹಳದಿ ಪಿನ್ನಿನದು, ಮೂರು ಬಣ್ಣದ್ದು, ಎಚ್‌ಡಿಎಂಐ ಹೀಗೆ ಮೂರೂ ಕೇಬಲ್ ಹಚ್ಚಿ ನೋಡಿದೆ.

ಹಳದಿ ಪಿನ್ನಿನ ಕಾಂಪೊಸಿಟ್ ಕೇಬಲ್‌ನಲ್ಲಿ ಬೆಳಕಿನ ಸಂಕೇತ, ಬಣ್ಣದ ಸಂಕೇತ ಎರಡೂ ಒಂದೇ ತಂತಿಯಲ್ಲಿ ಬರುತ್ತವೆ. ನಮ್ಮ ದೇಶದ ಪಾಲ್ ಎಂಬ ಟಿವಿ ಪದ್ಧತಿಯಲ್ಲಿ ಬಣ್ಣ ಕೂರುವುದು 4.43 ಮೆಗಾಹರ್ಟ್ಸ್ ಕಂಪನಾಂಕದ ಸುತ್ತ. ಸೀರೆಯ ಸಣ್ಣ ಗೆರೆಗಳೂ ಅದೇ ಜಾಗಕ್ಕೆ ಬಂದು ಬಿದ್ದರೆ ಟಿವಿಗೆ ಅವು ಗೆರೆಯೋ ಬಣ್ಣವೋ ತಿಳಿಯುವುದಿಲ್ಲ. ಸೋದರತ್ತಿ ನಡೆದು ಬರುವಾಗ ಅವರ ಕಪ್ಪು ಸೀರೆಯ ಮೇಲೆ ಕಾಮನಬಿಲ್ಲು ಹರಿದಾಡಿತು. ಕೆಂಪು ಸೆರಗಿನ ಅಂಚಿನಲ್ಲಿ ಚುಕ್ಕಿಗಳು ಇರುವೆ ಸಾಲಿನಂತೆ ತೆವಳಿದವು.

ಹಸಿರು, ನೀಲಿ, ಕೆಂಪು ಪಿನ್ನಿನ ಕಾಂಪೊನೆಂಟ್‌ಗೆ ಬದಲಿಸಿದಾಗ ಎರಡೂ ದೋಷ ಒಮ್ಮೆಲೇ ಹೋದವು. ಬೆಳಕು ಹಸಿರು ತಂತಿಯಲ್ಲಿ, ಬಣ್ಣದ ಎರಡು ಭಾಗ ಉಳಿದೆರಡರಲ್ಲಿ ಬರುವುದರಿಂದ ಬೆರಕೆಯೇ ಇಲ್ಲ. ಚೌಕಳಿ ಎಣಿಸುವಷ್ಟು ಸ್ಪಷ್ಟವಾಯಿತು. ಈ ಹೋಲಿಕೆಯಲ್ಲಿ ನಿಜವಾದ ದೊಡ್ಡ ಜಿಗಿತ ಇದೇ. ಆದರೆ ಇದರಲ್ಲಿ ಎರಡು ಕೆಂಪು ಪಿನ್ ಇರುತ್ತವೆ, ಒಂದು ಚಿತ್ರಕ್ಕೆ, ಇನ್ನೊಂದು ಬಲಬದಿಯ ಧ್ವನಿಗೆ. ಜೋಡಿಸುವಾಗ ಎಚ್ಚರ ಬೇಕು. ಟಿವಿಯಲ್ಲಿ ಹಸಿರಿಗೂ ಹಳದಿಗೂ ಒಂದೇ ಕಿಂಡಿ ಇದ್ದು, ಇನ್‌ಪುಟ್ ಎವಿ (ಅಂದರೆ ಹಳದಿ ಕೇಬಲ್‌ನ ಆಯ್ಕೆ) ಅಂತ ಉಳಿದಿದ್ದರೆ ಚಿತ್ರ ಕಪ್ಪು-ಬಿಳುಪಾಗಿ ಬರುತ್ತದೆ; ಅದನ್ನು ಕಂಡು ಪ್ಲೇಯರ್ ಕೆಟ್ಟಿತೆಂದು ರಿಪೇರಿಗೆ ಒಯ್ಯಬೇಡಿ.

ಬೆಳಕನ್ನೂ ಬಣ್ಣವನ್ನೂ ಬೇರೆ ಬೇರೆ ತಂತಿಯಲ್ಲಿ ತರುವ ಎಸ್-ವಿಡಿಯೊ ಕೇಬಲ್ ಇವೆರಡರ ನಡುವಿನದು. ಈಗಿನ ಟಿವಿಗಳಲ್ಲಿ ಅದರ ಕಿಂಡಿಯೇ ಇರುವುದಿಲ್ಲ, ಬಿಟ್ಟುಬಿಡಿ.

ಇನ್ನು ಎಚ್‌ಡಿಎಂಐ. ಚಿತ್ರ, ಧ್ವನಿ ಎರಡೂ ಒಂದೇ ಕೇಬಲ್‌ನಲ್ಲಿ, ಅಂಕಿಗಳ ರೂಪದಲ್ಲೇ ಬರುತ್ತವೆ. ಡಿವಿಡಿಯ ಮಟ್ಟಿಗೆ ಕಾಂಪೊನೆಂಟ್‌ಗಿಂತ ತುಸು ಮೇಲು, ಅಷ್ಟೇ. ಡಿಸ್ಕ್‌ನಲ್ಲಿ ಇರುವುದೇ 720 x 576 ಚುಕ್ಕಿ. ಕೇಬಲ್ ಹೊಸದನ್ನು ಸೇರಿಸುವುದಿಲ್ಲ. ಬ್ಲೂ-ರೇಯ 1920 x 1080 ಚಿತ್ರಕ್ಕೆ ಮಾತ್ರ ಇದನ್ನು ಬಿಟ್ಟರೆ ದಾರಿಯಿಲ್ಲ, ಏಕೆಂದರೆ 2011ರಿಂದೀಚೆಗೆ ತಯಾರಾದ ಪ್ಲೇಯರ್‌ಗಳು ಆ ಡಿಸ್ಕ್‌ಗಳನ್ನು ಕಾಂಪೊನೆಂಟ್‌ನಲ್ಲಿ ಪೂರ್ಣ ಸ್ಪಷ್ಟತೆಯಿಂದ ಹೊರಬಿಡುವುದಿಲ್ಲ.

"ಈ ಬಂಗಾರದ ತುದೀದು ತಗೋರಿ ಸರ, ಬಣ್ಣ ಭಾಳ ಚಂದ ಬರ್ತೈತಿ" ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಬಂಗಾರದ ಲೇಪ ತುಕ್ಕು ತಡೆಯುತ್ತದೆ, ಬಣ್ಣ ಕೊಡುವುದಿಲ್ಲ. ತುಟ್ಟಿ ಕೇಬಲ್ಲನ್ನೂ ಸೋವಿಯದನ್ನೂ ಅದಲುಬದಲು ಮಾಡಿ ನೋಡಿದಾಗ, ಎರಡು ಮೀಟರ್‌ನಲ್ಲಿ ಎಳ್ಳಷ್ಟೂ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಕಂಡದ್ದು ಗೋಡೆಯ ಪೈಪಿನೊಳಗೆ ಎಳೆದ ಹತ್ತು ಮೀಟರ್‌ನ ತೆಳು ಕೇಬಲ್‌ನಲ್ಲಿ. ಪ್ಲೇಯರ್ 1080ಕ್ಕೆ ಹಿಗ್ಗಿಸಿ ಕಳಿಸಿದಾಗ ಪರದೆಯ ಮೇಲೆ ಬಿಳಿ ಮಿಣುಕು. ಸೆಟ್ಟಿಂಗ್‌ನಲ್ಲಿ 576ಕ್ಕೆ ಇಳಿಸಿದೆ, ಮಿಣುಕು ನಿಂತಿತು. ಸೆಕೆಂಡಿಗೆ 50 ಪೂರ್ಣ ಚಿತ್ರದ 1080ಕ್ಕೆ ಚುಕ್ಕಿಗಳನ್ನು ಕಳಿಸುವ ತಾಳ (ಕ್ಲಾಕ್) 148.5 ಮೆಗಾಹರ್ಟ್ಸ್ ಬೇಕು, 576ಕ್ಕೆ 27 ಸಾಕು. ತಂತಿಯ ಮೇಲಿನ ಹೊರೆ ಐದನೇ ಒಂದಕ್ಕಿಂತ ಕಡಿಮೆಯಾಗುತ್ತದೆ. ಉದ್ದ ಎಳೆಯುವವರು ದಪ್ಪ ಕೇಬಲ್‌ಗೇ ದುಡ್ಡು ಹಾಕಲಿ.

ಹಳೆ ಬಾಗಲಕೋಟೆಯ ಮನೆಯಲ್ಲಿ ತೆಗೆದ ವಿಎಚ್‌ಎಸ್ ಕ್ಯಾಸೆಟ್‌ನಿಂದ ಡಿಸ್ಕ್‌ಗೆ ಇಳಿಸಿದ ಒಂದು ವಿಡಿಯೊ ನಮ್ಮಲ್ಲಿದೆ. ಆ ಮನೆ ಆಲಮಟ್ಟಿ ಹಿನ್ನೀರಿನಲ್ಲಿ ಹೋಯಿತು, ಅದಕ್ಕೇ ಆ ಡಿಸ್ಕ್ ನಮಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಅದರಲ್ಲಿ ಮೂರೂ ಕೇಬಲ್‌ಗಳ ಅಂತರ ಬಹುತೇಕ ಅಳಿಸಿಹೋಗುತ್ತದೆ. ಟೇಪಿನಲ್ಲೇ ಸಣ್ಣ ವಿವರ ಇಲ್ಲ, ಬಣ್ಣ ಕದಡಿದ್ದು ಡಿಸ್ಕ್‌ಗೆ ಇಳಿಸುವಾಗಲೇ. ಇಂಥ ಡಿಸ್ಕ್ ಮಾತ್ರ ನೋಡುವವರಿಗೆ ಹಳದಿಯೇ ಸಾಕು.

ಮೂರು ಬಣ್ಣದ ಕಿಂಡಿಯಿರುವ ಹಳೆಯ ಪ್ಲೇಯರ್ ಇದ್ದವರು ಹೊಸ ಟಿವಿ ಕೊಳ್ಳುವ ಮುನ್ನ ಅದರ ಹಿಂಬದಿ ನೋಡಿ. ಈಗ ಬಹಳ ಟಿವಿಗಳಲ್ಲಿ ಎವಿಗೆ ಒಂದೇ ಸಣ್ಣ 3.5 ಮಿಲಿಮೀಟರ್ ಕಿಂಡಿ ಇರುತ್ತದೆ, ಅದರ ಅಡಾಪ್ಟರ್‌ನಲ್ಲಿ ತಂತಿಗಳ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ. ಡಬ್ಬಿಯೊಳಗೆ ಬಂದ ಅಡಾಪ್ಟರನ್ನೇ ಜೋಪಾನವಾಗಿಡಿ.