ದುರ್ಗದ ಎರಡು ಕಾದಂಬರಿ: ಮೊದಲು ಯಾವುದು?

ಕಾದಂಬರಿಯಲ್ಲಿ ಪಾತ್ರ, ಆಶಯ, ಬರೆಯದೆ ಬಿಟ್ಟ ಮಾತು ಹಿಡಿಯುವುದನ್ನು ಕಲಿಯಲು ಚಿತ್ರದುರ್ಗದವರಿಗೆ ಕಾದಂಬರಿಕಾರ ತರಾಸು ಇದ್ದಾರೆ. ಗೊಂದಲ ಇರುವುದು 'ನಾಗರಹಾವು' ಮೊದಲೋ, 'ದುರ್ಗಾಸ್ತಮಾನ'ವೋ ಎಂಬಲ್ಲಿ.

ಪಾತ್ರಕ್ಕೆ 'ನಾಗರಹಾವು'. ರಾಮಾಚಾರಿ ಸಿಡುಕ, ಹಟಮಾರಿ. ಆದರೂ ಚಾಮಯ್ಯ ಮೇಷ್ಟ್ರ ಮಾತಿಗೆ ಬಗ್ಗುತ್ತಾನೆ. ಯಾಕೆ? ಒಳ್ಳೆಯವನು, ಕೆಟ್ಟವನು ಅಂತ ಹಣೆಪಟ್ಟಿ ಹಚ್ಚುವ ಬದಲು, ಯಾರ ಮುಂದೆ ರೇಗುತ್ತಾನೆ, ಯಾರ ಮುಂದೆ ಸುಮ್ಮನಾಗುತ್ತಾನೆ ಅಂತ ಪುಟದ ಅಂಚಿನಲ್ಲಿ ಗುರುತು ಹಾಕಿ. ಊಹೆ ತಾನಾಗಿ ಹುಟ್ಟುತ್ತದೆ. ಮೇಷ್ಟ್ರ ಪ್ರೀತಿ ಅವನನ್ನು ಉಳಿಸಿತಾ, ಕಟ್ಟಿಹಾಕಿತಾ ಎಂದು ಕೇಳಿಕೊಂಡರೆ ಆಶಯದ ಬಾಗಿಲಿಗೇ ಬಂದಿರಿ. ಒಂದೇ ತೊಂದರೆ: 1972ರ ಸಿನಿಮಾ ನೋಡಿದವರಿಗೆ ಪುಟಪುಟದಲ್ಲೂ ವಿಷ್ಣುವರ್ಧನ್ ಕಾಣುತ್ತಾರೆ! ಅದರಲ್ಲಿ ಮೂರು ಕಾದಂಬರಿಗಳ ಕಥೆ ಬೆರೆತಿದೆ. ಸಿನಿಮಾದ ಉತ್ತರವನ್ನು ಪುಸ್ತಕಕ್ಕೆ ಅಂಟಿಸಬೇಡಿ.

'ದುರ್ಗಾಸ್ತಮಾನ'ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ದಪ್ಪ ಪುಸ್ತಕ, ಪಾತ್ರಗಳೂ ಜಾಸ್ತಿ. 1779ರಲ್ಲಿ ಮದಕರಿ ನಾಯಕನ ಚಿತ್ರದುರ್ಗದ ಕೋಟೆ ಹೈದರಾಲಿಯ ಪಾಲಾಯಿತು ಅನ್ನುವುದು ಗೊತ್ತೇ ಇದೆ, ಅಲ್ವಾ? ಹಾಗಾಗಿ 'ಮುಂದೇನು' ಬಿಟ್ಟು 'ಯಾಕೆ ಹೀಗಾಯಿತು' ಅಂತ ಓದುತ್ತೀರಿ. ಆಶಯ ಹುಡುಕಲು ಇದೇ ವಾಸಿ.

ಹೊಸಬರಾದರೆ ನನ್ನ ಓಟು ರಾಮಾಚಾರಿಗೆ. ದಪ್ಪ ಪುಸ್ತಕಕ್ಕೆ ಹೆದರದವರು ಮದಕರಿ ನಾಯಕನಿಂದಲೇ ಶುರು ಮಾಡಬಹುದು.