‘ಸುಲಭದ ಟ್ರೆಕ್, ಮೇಲೆ ಬಿಸಿ ಊಟ’ ಅಂದವರಿಗೆ ದುಡ್ಡು ಕಟ್ಟುವ ಮುಂಚೆ

“ಮೊದಲ ಸಲ ಬೆಟ್ಟ ಹತ್ತುವವರಿಗೆ ಹೇಳಿ ಮಾಡಿಸಿದ ಹಾದಿ. ಬರೀ ಆರು ಕಿಲೋಮೀಟರ್, ಎರಡು ಗಂಟೆ ಸಾಕು. ತುದಿಯಲ್ಲಿ ಸೂರ್ಯಾಸ್ತ ನೋಡುತ್ತಾ ಅಡುಗೆ, ಊಟ.” ಇಂಥ ಜಾಹೀರಾತು ನಿಮ್ಮ ಮೊಬೈಲಿಗೂ ಬಂದಿರುತ್ತದೆ, ಅಲ್ವಾ? ನಮ್ಮನ್ನು ಕರೆದುಕೊಂಡು ಹೋದ ತಂಡದ ಹೆಸರು ಬರೆಯುವುದಿಲ್ಲ. ಹೀಗೆ ಮಾಡುವವರು ಅವರೊಬ್ಬರೇ ಅಲ್ಲ.

ಆರು ಕಿಲೋಮೀಟರ್ ಸುಳ್ಳೇನಲ್ಲ. ಆದರೆ ಅದರಲ್ಲಿ 900 ಮೀಟರ್ ಏರು ಇದೆ ಅಂತ ಯಾರೂ ಬಾಯಿ ಬಿಡಲಿಲ್ಲ. ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲೇ ಒಂದು ಅಂದಾಜು ಕೊಟ್ಟಿದ್ದಾರೆ: 5 ಕಿಲೋಮೀಟರ್‌ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಆ ಲೆಕ್ಕದಲ್ಲಿ ನಮ್ಮ ಹಾದಿಗೆ ಎರಡೂಮುಕ್ಕಾಲು ಗಂಟೆ ಬೇಕು. ಅದೂ ಅಭ್ಯಾಸ ಇದ್ದವರಿಗೆ, ಎಲ್ಲೂ ಕೂರದೆ ನಡೆದರೆ. ನಮ್ಮ ಗುಂಪಿನಲ್ಲಿ ಹೊಸಬರೇ ಜಾಸ್ತಿ. ಸೂರ್ಯ ಮುಳುಗುವಾಗ ಇನ್ನೂ ಮರಗಳ ನಡುವೆ ಏದುಸಿರು ಬಿಡುತ್ತಿದ್ದೆವು. ಕಂಡ ಸುಂದರ ನೋಟ ಅಂದರೆ ಮುಂದಿನವರ ಬ್ಯಾಗು.

ತಡವಾದರೆ ಏನು ಮಹಾ ಅನ್ನಬೇಡಿ. ಉಳಿದ ಎಡವಟ್ಟೆಲ್ಲ ಶುರುವಾಗಿದ್ದು ಅಲ್ಲಿಂದಲೇ. ಸಾವಿರ ಮೀಟರ್ ಮೇಲೆ ಹೋದರೆ ಸುಮಾರು ಆರೂವರೆ ಡಿಗ್ರಿ ತಂಪು ಜಾಸ್ತಿ. ಜೊತೆಗೆ ಕತ್ತಲು, ಗಾಳಿ, ಬೆವರಿಗೆ ಒದ್ದೆಯಾದ ಅಂಗಿ. ಎಲ್ಲರೂ ಗಡಗಡ ನಡುಗುತ್ತಿದ್ದೆವು.

ಅಡುಗೆಗೆ ತಂಡದವರು ತಂದಿದ್ದು ಗ್ಯಾಸ್ ಡಬ್ಬಿಯ ತಲೆಗೇ ತಿರುಗಿಸಿ ಕೂರಿಸುವ ಪುಟ್ಟ ಬರ್ನರ್. ಡಬ್ಬಿಯಲ್ಲಿದ್ದದ್ದು ಬರೀ ಬ್ಯೂಟೇನ್. ಸೊನ್ನೆ ಡಿಗ್ರಿ ಹತ್ತಿರಕ್ಕೆ ಬಂದರೆ ಬ್ಯೂಟೇನ್ ದ್ರವವಾಗಿಯೇ ಉಳಿಯುತ್ತದೆ, ಆವಿಯಾಗುವುದಿಲ್ಲ. ಸಾಲದ್ದಕ್ಕೆ, ಉರಿಯುತ್ತಾ ಹೋದಂತೆ ಡಬ್ಬಿ ತಾನೇ ಇನ್ನಷ್ಟು ತಣ್ಣಗಾಗುತ್ತದೆ. ಉರಿ ಬೆರಳುದ್ದಕ್ಕೂ ಏಳಲಿಲ್ಲ. ಎದ್ದದ್ದನ್ನು ಗಾಳಿ ಆರಿಸುತ್ತಿತ್ತು.

ಆಗ ಗೈಡ್ ಅಲ್ಯೂಮಿನಿಯಂ ಹಾಳೆ ತೆಗೆದು ಬರ್ನರ್, ಡಬ್ಬಿ ಎರಡನ್ನೂ ಸೇರಿಸಿ ಸುತ್ತಲೂ ಮುಚ್ಚಿಬಿಟ್ಟರು. ಉರಿ ಚೆನ್ನಾಗಿ ಬಂತು, ನಾವು ಚಪ್ಪಾಳೆ ಕೂಡ ತಟ್ಟಿದೆವು. ಸ್ವಲ್ಪ ಹೊತ್ತಿಗೆ ಜೊತೆಯಲ್ಲಿದ್ದ ಒಬ್ಬರು ಹಾಳೆಯ ಸಂದಿಯಲ್ಲಿ ಬೆರಳು ಹಾಕಿ ಡಬ್ಬಿ ಮುಟ್ಟಿ, ಸರಕ್ಕನೆ ಕೈ ಹಿಂದಕ್ಕೆ ಎಳೆದುಕೊಂಡರು. ಕಾದು ಹೋಗಿತ್ತು! ಒಳಗೆ ಒತ್ತಡ ಏರಿ ಇಂಥ ಡಬ್ಬಿ ಸಿಡಿಯಬಹುದು. ಡಬ್ಬಿಗೆ ಯಾವತ್ತೂ ಗಾಳಿ ಆಡುತ್ತಿರಬೇಕು, ಮುಟ್ಟಿದರೆ ಬಿಸಿ ಹತ್ತಬಾರದು. ಸುತ್ತಲೂ ಮರೆ ಕಟ್ಟಲೇಬೇಕು ಅಂದರೆ ಡಬ್ಬಿ ದೂರ ಇಟ್ಟು ಪೈಪಿನಲ್ಲಿ ಗ್ಯಾಸ್ ಬರುವ ಸ್ಟೌ ಬೇಕು.

ನಾವು ಕೂಗಾಡಿದ ಮೇಲೆ ಹಾಳೆ ತೆಗೆದರು. ತೆಗೆದು ಮಾಡಿದ್ದೇನು? ಸ್ಟೌವನ್ನು ಟೆಂಟಿನೊಳಗೆ ತಂದು, ಗಾಳಿ ಬರಬಾರದು ಅಂತ ಜಿಪ್ ಎಳೆದರು. ಬಿಸಿ ಸೂಪ್ ಆಸೆಗೆ ಒಳಗೆ ಕೂತವರಲ್ಲಿ ಒಬ್ಬೊಬ್ಬರಿಗೇ ತಲೆನೋವು ಶುರುವಾಯಿತು. ಒಬ್ಬ ಹುಡುಗಿ ವಾಂತಿ ಮಾಡಿಕೊಂಡಳು. “ಎತ್ತರಕ್ಕೆ ಹಾಗಾಗುತ್ತೆ, ನೀರು ಕುಡೀರಿ” ಅಂತ ಗೈಡ್ ಹೇಳಿದರು. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸುವುದು 2,500 ಮೀಟರ್ ದಾಟಿದ ಮೇಲೆ. ನಾವಿದ್ದ ಬೆಟ್ಟ ಅದರ ಅರ್ಧವೂ ಇರಲಿಲ್ಲ. ಹೊರಗೆ ಬಂದು ಕೂತ ಮೇಲೆ ಎಲ್ಲರಿಗೂ ತಲೆ ಹಗುರಾಯಿತು. ಮುಚ್ಚಿದ ಜಾಗದಲ್ಲಿ ಸ್ಟೌ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗಕ್ಕೆ ಬಂದು ಕೂರುತ್ತದೆ. ಆ ಹುಡುಗಿಯನ್ನು “ಸುಸ್ತಾಗಿದೆ, ಮಲಗಮ್ಮ” ಅಂತ ಅಲ್ಲೇ ಮಲಗಿಸಲು ಹೊರಟಿದ್ದರು. ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ.

ಬೆಟ್ಟದ ಮೇಲೆ ಅಡುಗೆ ಮಾಡಿ ತಿನ್ನುವುದು ಒಳ್ಳೆಯ ಸುಖ, ಬೇಡ ಅನ್ನುತ್ತಿಲ್ಲ. ಆದರೆ ಬುಕ್ ಮಾಡುವ ಮುಂಚೆ ಕೇಳಿ: ಒಟ್ಟು ಏರು ಎಷ್ಟು ಮೀಟರ್? ಕತ್ತಲಾಗುವ ಎಷ್ಟು ಹೊತ್ತು ಮುಂಚೆ ಮೇಲಿರುತ್ತೇವೆ? ಗಾಳಿ ಜೋರಾದರೆ ಸ್ಟೌ ಎಲ್ಲಿ ಹಚ್ಚುತ್ತೀರಿ? ಚಳಿಗಾಲವಾದರೆ ಡಬ್ಬಿಯಲ್ಲಿ ಚಳಿಯಲ್ಲೂ ಆವಿಯಾಗುವ ಐಸೋಬ್ಯೂಟೇನ್, ಪ್ರೊಪೇನ್ ಬೆರೆತಿದೆಯಾ ಅಂತಲೂ ಕೇಳಿ. ಒಲೆ ಹತ್ತದಿದ್ದರೂ ತಿನ್ನಲು ಏನಾದರೂ ನಿಮ್ಮ ಬ್ಯಾಗಿನಲ್ಲೇ ಇರಲಿ. ಮೆನು ಮಾತ್ರ ಉದ್ದಕ್ಕೆ ಕಳಿಸಿ, ಇದಕ್ಕೆಲ್ಲ “ಟೆನ್ಷನ್ ತಗೋಬೇಡಿ, ನಾವಿದ್ದೀವಲ್ಲ” ಅನ್ನುವವರಿಗೆ ಅಡ್ವಾನ್ಸ್ ಕಳಿಸಬೇಡಿ.