ಯಾವುದಕ್ಕೆ ಹೆಸರು ಕಳಿಸುವುದು: ಪದ್ಮವೋ, ರಾಜ್ಯೋತ್ಸವವೋ?

ನಿಮ್ಮ ಬಸವನಗುಡಿಯಲ್ಲೋ ಯಶವಂತಪುರದಲ್ಲೋ ವರ್ಷಗಟ್ಟಲೆ ಬಡಮಕ್ಕಳಿಗೆ ಪುಕ್ಕಟೆ ಪಾಠ ಹೇಳಿದ ಮೇಷ್ಟ್ರೊಬ್ಬರು ಇದ್ದಾರೆ ಅಂದುಕೊಳ್ಳಿ. ಅವರ ಹೆಸರನ್ನು ಎಲ್ಲಿಗೆ ಕಳಿಸಬೇಕು?

ಪದ್ಮ ಪ್ರಶಸ್ತಿಗೆ ಯಾರು ಬೇಕಾದರೂ ಹೆಸರು ಸೂಚಿಸಬಹುದು, ಕೇಂದ್ರದ ರಾಷ್ಟ್ರೀಯ ಪುರಸ್ಕಾರ ಪೋರ್ಟಲ್‌ನಲ್ಲಿ. ಸಾಧನೆಯ ವಿವರ 800 ಪದ ಮೀರಬಾರದು. ನಿಜವಾದ ಕೆಲಸ ಇರುವುದು ಇಲ್ಲೇ. ‘ಮಹಾನ್ ಚೇತನ’ ಅಂತ ಸುಮ್ನೆ ಹೊಗಳಿದರೆ ಜಾಗ ದಂಡ. ಯಾವ ಬೀದಿ, ಎಷ್ಟು ಮಕ್ಕಳು, ಅವರೆಲ್ಲ ಈಗ ಏನಾಗಿದ್ದಾರೆ, ಅದನ್ನು ಬರೆಯಿರಿ. ಪೈಪೋಟಿ ಮಾತ್ರ ಜಾಸ್ತಿ. ಮರಣೋತ್ತರ ಮತ್ತು ವಿದೇಶದವರನ್ನು ಬಿಟ್ಟರೆ ಇಡೀ ದೇಶಕ್ಕೆ ವರ್ಷಕ್ಕೆ 120 ಮೀರುವಂತಿಲ್ಲ. ನಗದು ಬಹುಮಾನವೂ ಇಲ್ಲ.

ರಾಜ್ಯೋತ್ಸವ ಪ್ರಶಸ್ತಿ ನಮ್ಮ ರಾಜ್ಯದ್ದು. 5 ಲಕ್ಷ ರೂಪಾಯಿ, 25 ಗ್ರಾಂ ಚಿನ್ನದ ಪದಕ. 2024ರಲ್ಲಿ 69 ಸಾಧಕರಿಗೆ ಸಿಕ್ಕಿತು. ವಯಸ್ಸಾದ, ಕೈಯಲ್ಲಿ ಕಾಸಿಲ್ಲದ ಮೇಷ್ಟ್ರಿಗೆ ಈ ದುಡ್ಡು ದೊಡ್ಡದು, ಅಲ್ವಾ? ಹಾಗಾಗಿ ನನ್ನ ಓಟು ಮೊದಲು ಇದಕ್ಕೇ. ಆಯ್ಕೆಯ ಕ್ರಮ ಆಗಾಗ ಬದಲಾಗುತ್ತದೆ, ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿ ವಿಚಾರಿಸಿಕೊಳ್ಳಿ.

ಒಂದು ಬಂದರೆ ಇನ್ನೊಂದಕ್ಕೆ ಅಡ್ಡಿಯೇನಿಲ್ಲ. 2021ರಲ್ಲಿ ಬರಿಗಾಲಲ್ಲಿ ಹೋಗಿ ಪದ್ಮಶ್ರೀ ಪಡೆದ ತುಳಸಿ ಗೌಡರಿಗೆ ರಾಜ್ಯೋತ್ಸವ ಪ್ರಶಸ್ತಿ ಮೊದಲೇ ಬಂದಿತ್ತು.